ಇದ್ದವರ ಪಟಕ್ಕೆ ಹಾರ

"ಬುದ್ಧಿ, ಈಗ ಬದುಕಿರುವ ಸಿನಿಮಾ ನಿರ್ದೇಶಕರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?"

ಮರುಳಸಿದ್ಧ ಹೀಗೆ ಕೇಳಿದಾಗ ಮಠದ ಹಿರಿಯ ಸ್ವಾಮಿಗಳು ಪೂಜೆ ಮುಗಿಸಿ ದಾಸೋಹದ ಮನೆಯ ಕಡೆ ಬಂದಿದ್ದರು. ಅಲ್ಲಿ ಮಠದ ಹುಡುಗರಾದ ಮರುಳಸಿದ್ಧನೂ ಗುರುಶಾಂತನೂ ಅಕ್ಕಿ ಆರಿಸುತ್ತಿದ್ದರು. ದಿನವೂ ಇಬ್ಬರಿಗೂ ಒಂದೇ ಮೊರ. ಅಂದು ಎರಡು ಮೊರಗಳಿದ್ದವು. ನಡುವೆ ಒಂದು ಕಂಬವಿತ್ತು.

"ಮಠದಲ್ಲಿ ಇದೇನು ಪ್ರಶ್ನೆ ಅಂತ ಬೈಬೇಡಿ, ಬುದ್ಧಿ" ಎಂದ ಮರುಳಸಿದ್ಧ. "ನಾನು ಹೇಳಿದವರನ್ನು ಇವನು ನಿರ್ದೇಶಕರೇ ಅಲ್ಲ ಅಂತಾನೆ."

"ಇವನು ಹೇಳಿದವರ ಚಿತ್ರ ನೋಡ್ತಾ ನನಗೆ ನಿದ್ದೆ ಬಂತು. ಬಂದ ನಿದ್ದೆಯನ್ನು ಬಂದಿಲ್ಲ ಅನ್ನಲೇ?" ಎಂದ ಗುರುಶಾಂತ.

ಸ್ವಾಮಿಗಳು ನಕ್ಕರು. ಆ ಕಂಬಕ್ಕೇ ಒರಗಿ ಕುಳಿತರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ದೈವಭಕ್ತ. ತೂಕದ ಮಾತಿನವನು. ಅವನ ಅಂಗಡಿಯ ಮುಂದೆ ಒಂದು ಕಟ್ಟೆ ಇತ್ತು. ಊರಿನ ಟಾಕೀಸಿನಲ್ಲಿ ಹೊಸ ಚಿತ್ರ ಬಂದರೆ ಅದನ್ನು ನೋಡಿದವರೆಲ್ಲ ಮರುದಿನ ಆ ಕಟ್ಟೆಯ ಮೇಲೆ ಸೇರುತ್ತಿದ್ದರು. ಯಾವ ನಿರ್ದೇಶಕ ಹೆಚ್ಚು, ಯಾವ ನಿರ್ದೇಶಕ ಕಡಿಮೆ ಎಂದು ವಾದ ನಡೆಯುತ್ತಿತ್ತು. ಆ ಕಟ್ಟೆಗೆ ಒಂದು ಕಟ್ಟಳೆಯಿತ್ತು. ಬದುಕಿರುವವರನ್ನು ಎಷ್ಟು ಬೇಕಾದರೂ ಅಳೆಯಬಹುದು, ಜರೆಯಬಹುದು. ತೀರಿಕೊಂಡವರ ಮಾತು ಬಂದರೆ ಕೈ ಮುಗಿದು ಸುಮ್ಮನಾಗಬೇಕು. ಹೋದವರನ್ನು ತಕ್ಕಡಿಗೆ ಹಾಕುವುದು ಪಾಪ ಎಂದು ಅವರೆಲ್ಲ ನಂಬಿದ್ದರು.

ವ್ಯಾಪಾರಿಗೆ ಒಬ್ಬ ನಿರ್ದೇಶಕನ ಮೇಲೆ ಜೀವ. ಅದಕ್ಕೆ ಕಾರಣವಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಅಳು ಬಂದಿರಲಿಲ್ಲ. ಮಣ್ಣು ಮಾಡಿ ಬಂದ, ತಿಥಿ ಮಾಡಿದ, ಅಂಗಡಿ ತೆರೆದ. ಎದೆ ಕಲ್ಲಾಗಿತ್ತು. ಆ ನಿರ್ದೇಶಕನ ಒಂದು ಚಿತ್ರದಲ್ಲಿ ಒಬ್ಬ ಮುದುಕಿ ಎಲ್ಲರಿಗೂ ಬಡಿಸಿ, ಒಲೆ ಆರಿಸಿ, ಖಾಲಿ ಪಾತ್ರೆಯನ್ನು ಬೋರಲು ಹಾಕಿ, ಊಟವಾಯಿತೇ ಎಂದು ಕೇಳಿದ ಮಗನಿಗೆ ಆಯಿತು ಎನ್ನುತ್ತಾಳೆ. ಅಷ್ಟೇ. ಅದನ್ನು ನೋಡಿ ವ್ಯಾಪಾರಿ ಟಾಕೀಸಿನ ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅತ್ತ. ಮನೆಗೆ ಬಂದವನು ಹಗುರಾಗಿದ್ದ. ಪತ್ರಿಕೆಯಲ್ಲಿ ಬಂದ ಆ ನಿರ್ದೇಶಕನ ಭಾವಚಿತ್ರ ಕತ್ತರಿಸಿ, ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ತೂಗುಹಾಕಿದ. ಶಿವನು ಒಬ್ಬೊಬ್ಬರ ಕೈಯಿಂದ ಒಬ್ಬೊಬ್ಬರ ಕಣ್ಣು ಒರೆಸುತ್ತಾನೆ. ಅದನ್ನು ವ್ಯಾಪಾರಿ ಬಲ್ಲವನಾಗಿದ್ದ.

ಆದರೆ ಆ ನಿರ್ದೇಶಕ ಬರಬರುತ್ತ ಚಿತ್ರ ಮಾಡುವುದನ್ನು ಬಿಟ್ಟ. ವರ್ಷಗಳು ಕಳೆದವು. ಕಟ್ಟೆಯ ಮೇಲೆ ಒಬ್ಬ ಮೇಷ್ಟರಿದ್ದರು. ಅವರು ಮೆಚ್ಚಿದ್ದು ಒಬ್ಬ ಹೊಸ ನಿರ್ದೇಶಕನನ್ನು. ಅವನ ಚಿತ್ರ ವರ್ಷ ವರ್ಷವೂ ಬರುತ್ತಿತ್ತು. ಬಂದಾಗಲೆಲ್ಲ ಮೇಷ್ಟರು ವ್ಯಾಪಾರಿಯನ್ನು ಕೆಣಕುತ್ತಿದ್ದರು.

"ಬತ್ತಿದ ಕೆಚ್ಚಲಿಗೆ ಎಷ್ಟು ದಿನ ಚೆಂಬು ಹಿಡಿದು ಕೂರ್ತೀರಿ, ಶೆಟ್ಟರೇ?"

ಕಟ್ಟೆ ನಗುತ್ತಿತ್ತು. ವ್ಯಾಪಾರಿ ನಗುವವರ ಜೊತೆ ನಗುತ್ತಿದ್ದ. ಒಳಗೆ ಕುದಿಯುತ್ತಿದ್ದ. ಜನ ತನ್ನ ತಾಯಿಯನ್ನೇ ಆಡಿಕೊಂಡಂತೆ ಅವನಿಗೆ ಆಗುತ್ತಿತ್ತು. ಮೊದಮೊದಲು ಆ ನಿರ್ದೇಶಕನ ಮಾನ ಉಳಿಸಬೇಕೆಂದು ವಾದಿಸುತ್ತಿದ್ದ. ಹೋಗುತ್ತ ಹೋಗುತ್ತ ತನ್ನ ಮಾತು ಗೆಲ್ಲಬೇಕೆಂದು ವಾದಿಸತೊಡಗಿದ. ಯಾವಾಗ ಒಂದು ಹೋಗಿ ಇನ್ನೊಂದು ಬಂತು ಎಂಬುದು ಅವನಿಗೇ ತಿಳಿಯಲಿಲ್ಲ.

ಒಮ್ಮೆ ಅವನು ಬಟ್ಟೆ ತರಲು ಪಟ್ಟಣಕ್ಕೆ ಹೋಗಿ ಬಂದ. ಅವನು ಬಸ್ಸಿಳಿದು ಬರುವಾಗ ಕಟ್ಟೆ ತುಂಬಿತ್ತು. ಹೊಸ ನಿರ್ದೇಶಕನ ಹೊಸ ಚಿತ್ರ ಹಿಂದಿನ ದಿನ ಬಿಡುಗಡೆಯಾಗಿತ್ತು. ಮೇಷ್ಟರು ಬಾಯಿ ತೆರೆಯುವ ಮೊದಲೇ ವ್ಯಾಪಾರಿ ಹೇಳಿಬಿಟ್ಟ.

"ನಮ್ಮ ನಿರ್ದೇಶಕರು ತೀರಿಕೊಂಡರು. ಪಟ್ಟಣದಲ್ಲಿ ತಿಳೀತು."

ಆ ಸುಳ್ಳನ್ನು ಅವನು ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು. ಕಟ್ಟೆಯ ನಗು ನಿಂತಿತು. ಮೇಷ್ಟರು ಎದ್ದು ನಿಂತರು.

"ಪೇಪರಿನಲ್ಲಿ ಬರಲಿಲ್ಲವಲ್ಲ, ಶೆಟ್ಟರೇ?"

"ಕೆಲಸ ಬಿಟ್ಟವರ ಸುದ್ದಿ ಯಾರು ಹಾಕ್ತಾರೆ, ಮೇಷ್ಟ್ರೇ?"

ಈ ಮಾತನ್ನು ಎಲ್ಲರೂ ನಂಬಿದರು. ಲೋಕ ಹಾಗೇ ಇತ್ತು. ಮೇಷ್ಟರು ಚಪ್ಪಲಿ ಕಳಚಿ ಅಂಗಡಿಯೊಳಗೆ ಹೋಗಿ ಪಟಕ್ಕೆ ಕೈ ಮುಗಿದರು. "ಅವರಿಗೆ ಸಮ ಇನ್ನೊಬ್ಬರಿಲ್ಲ" ಎಂದರು. ವ್ಯಾಪಾರಿ ಆ ಮಾತಿಗಾಗಿ ಎಷ್ಟೋ ವರ್ಷ ಕಾದಿದ್ದ. ಸಂಜೆ ಒಂದು ಗಂಧದ ಹಾರ ತಂದು ಪಟಕ್ಕೆ ಹಾಕಿದ. ಮುಂದೆ ಒಂದು ದೀಪ ಇಟ್ಟ. ಅಂದಿನಿಂದ ಆ ನಿರ್ದೇಶಕನ ಹೆಸರು ಬಂದರೆ ಕಟ್ಟೆಯ ಮೇಲೆ ಗೌರವದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ವ್ಯಾಪಾರಿ ಮಾತ್ರ ದೀಪ ಹಚ್ಚುವಾಗ ಪಟದ ಮುಖ ನೋಡುತ್ತಿರಲಿಲ್ಲ. ಬತ್ತಿಯನ್ನಷ್ಟೇ ನೋಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಮುದುಕರು ಅಂಗಡಿಗೆ ಬಂದರು. ಹೆಗಲಲ್ಲಿ ಒಂದು ಚೀಲವಿತ್ತು. ಒಂದು ಟವೆಲು ಕೇಳಿದರು. ವ್ಯಾಪಾರಿ ಟವೆಲು ತೆಗೆದು ಮುಂದಿಟ್ಟು ತಲೆ ಎತ್ತಿದ. ಕೂದಲು ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಬದಲಾಗಿರಲಿಲ್ಲ. ಅವರು ಯಾರೆಂದು ವ್ಯಾಪಾರಿಗೆ ತಿಳಿಯಿತು. ಅವನ ಕೈ ಟವೆಲಿನ ಮೇಲೆಯೇ ಉಳಿಯಿತು.

ಮುದುಕರ ಕಣ್ಣು ಗೋಡೆಯ ಮೇಲೆ ಹೋಗಿತ್ತು. ಅವರು ಪಟ ನೋಡಿದರು. ಹಾರ ನೋಡಿದರು. ದೀಪ ನೋಡಿದರು.

"ಇವರು ಯಾರು?" ಎಂದು ಕೇಳಿದರು.

ಕಟ್ಟೆಯ ಮೇಲಿದ್ದ ಮೇಷ್ಟರು ಉತ್ತರ ಕೊಟ್ಟರು. ಆ ನಿರ್ದೇಶಕನ ಒಂದೊಂದೇ ಚಿತ್ರದ ಹೆಸರು ಹೇಳಿದರು. ಮುದುಕಿ ಪಾತ್ರೆ ಬೋರಲು ಹಾಕಿದ್ದನ್ನು ಹೇಳಿದರು. ಮೊದಲು ತೆಗಳಿದ್ದ ಚಿತ್ರಗಳನ್ನೂ ಹೊಗಳಿದರು. ಮುದುಕರು ನಿಂತುಕೊಂಡೇ ಎಲ್ಲವನ್ನೂ ಕೇಳಿದರು.

"ಇವರು ಇನ್ನೊಂದು ಚಿತ್ರ ಮಾಡಿದ್ದರೆ ನೋಡ್ತಿದ್ದಿರಾ?"

"ಮಾಡದೆ ಹೋದದ್ದೇ ಒಳ್ಳೇದಾಯ್ತು, ಯಜಮಾನರೇ" ಎಂದರು ಮೇಷ್ಟರು. "ಮಾಡಿದ್ದರೆ ಹಳೆಯದರಷ್ಟು ಚೆನ್ನಾಗಿಲ್ಲ ಅಂತ ನಾನೇ ಇಲ್ಲಿ ಕೂತು ಅವರ ಮಾನ ಕಳೀತಿದ್ದೆ. ಈಗ ನೋಡಿ, ಕೈ ಮುಗೀತೀನಿ."

"ಹಾರ ಹಾಕಿದವರು ಯಾರು?"

"ನಮ್ಮ ಶೆಟ್ಟರೇ. ಅವರಷ್ಟು ಭಕ್ತಿ ಇನ್ಯಾರಿಗಿದೆ?"

ಮುದುಕರು ವ್ಯಾಪಾರಿಯ ಕಡೆ ತಿರುಗಿದರು. ವ್ಯಾಪಾರಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವರೇ ಅವರು ಎಂದಿದ್ದರೆ ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಕಟ್ಟೆಯ ನಗು ಬರುತ್ತದೆ. ಇಷ್ಟು ದಿನ ಸುಳ್ಳಿಗೆ ದೀಪ ಹಚ್ಚಿದೆಯಾ ಎಂದು ಊರು ಕೇಳುತ್ತದೆ. ವ್ಯಾಪಾರಿ ತಲೆ ತಗ್ಗಿಸಿ ಟವೆಲನ್ನು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ.

ಮುದುಕರು ಅವನಿಗೆ ಕೈ ಮುಗಿದರು. ಟವೆಲು ತೆಗೆದುಕೊಳ್ಳದೆ ಹೊರಟುಹೋದರು.

ವ್ಯಾಪಾರಿ ಸ್ವಲ್ಪ ಹೊತ್ತು ತಡೆದ. ಆಮೇಲೆ ತಡೆಯಲಾಗಲಿಲ್ಲ. ಹಿಂಬಾಗಿಲಿನಿಂದ ಇಳಿದು ಬಸ್‌ ನಿಲ್ದಾಣಕ್ಕೆ ಓಡಿದ. ಮುದುಕರು ಬಸ್ಸಿಗೆ ಕಾಯುತ್ತಿದ್ದರು. ವ್ಯಾಪಾರಿ ಅವರ ಕಾಲು ಹಿಡಿದ. ತಾಯಿಯ ಸಾವಿನಿಂದ ಮೊದಲು ಮಾಡಿ ಎಲ್ಲವನ್ನೂ ಹೇಳಿದ. ಅವರು ಅವನನ್ನು ಹಿಡಿದೆತ್ತಿ ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನಲ್ಲಿ ಒಂದು ಕತೆಯಿತ್ತು, ಶೆಟ್ಟರೇ" ಎಂದರು. "ಎಷ್ಟೋ ವರ್ಷ ಅದು ಮಾಗಲಿ ಎಂದು ಕಾದೆ. ಈಗ ಮಾಗಿದೆ ಅನ್ನಿಸಿತು. ನನ್ನ ಚಿತ್ರಗಳನ್ನು ಮನಸಿಟ್ಟು ನೋಡಿದ ಊರು ನಿಮ್ಮದು ಎಂದು ಕೇಳಿದ್ದೆ. ಇಲ್ಲೇ, ನಿಮ್ಮ ಜನರನ್ನೇ ಇಟ್ಟುಕೊಂಡು ಮಾಡೋಣ ಎಂದು ಬಂದೆ."

"ಮಾಡಿ, ಸ್ವಾಮಿ. ಈಗಲೇ ಹೋಗಿ ಹಾರ ತೆಗೀತೀನಿ. ಎಲ್ಲರ ಮುಂದೆ ಹೇಳ್ತೀನಿ."

"ಬೇಡ. ಮಾಡಿದರೆ ಅದು ಹಳೆಯದರಷ್ಟು ಚೆನ್ನಾಗಿ ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಆ ಅಳುಕು ಮೊದಲೇ ಇತ್ತು. ಅದನ್ನು ಹೇಗೋ ಮೀರಿ ಬಂದಿದ್ದೆ. ನಿಮ್ಮ ಮೇಷ್ಟರ ಮಾತು ಕೇಳಿದ ಮೇಲೆ ಮತ್ತೆ ಮೀರುವ ಶಕ್ತಿ ನನಗಿಲ್ಲ. ಹಾರ ಇರಲಿ ಬಿಡಿ. ಇಷ್ಟು ಮರ್ಯಾದೆ ಬದುಕಿದ್ದವನಿಗೆ ಯಾವ ಊರಿನಲ್ಲೂ ಸಿಗಲಿಲ್ಲ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವ್ಯಾಪಾರಿ ತಾಳಿಕೊಳ್ಳುತ್ತಿದ್ದ. ಬಸ್ಸು ಬಂತು. ಅವರು ಹತ್ತಿದರು. ಆ ಕತೆ ಏನೆಂದು ಅವನು ಕೇಳಲೇ ಇಲ್ಲ.

ಅವನು ಅಂಗಡಿಗೆ ಮರಳಿದಾಗ ಮೇಷ್ಟರು ಕೇಳಿದರು.

"ಯಾರು ಶೆಟ್ಟರೇ, ಆ ಯಜಮಾನರು? ಅಷ್ಟೆಲ್ಲ ವಿಚಾರಿಸಿದರು."

ಹೇಳಲು ಭಗವಂತ ಕೊಟ್ಟ ಎರಡನೆಯ ಅವಕಾಶ ಅದು. ವ್ಯಾಪಾರಿ ಪಟ ನೋಡಿದ. ಹಾರ ಇರಲಿ ಎಂದು ಅವರೇ ಅಂದರಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

"ಯಾರೋ ದಾರಿಹೋಕರು" ಎಂದ.

ಮುಂದಿನ ವರ್ಷ ಪತ್ರಿಕೆಯ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಆ ನಿರ್ದೇಶಕ ನಿನ್ನೆ ನಿಧನರಾದರು ಎಂದಿತ್ತು. ಮೇಷ್ಟರು ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದರು.

"ಪೇಪರಿನವರಿಗೆ ಈಗ ಗೊತ್ತಾಯ್ತು ನೋಡಿ. ನಮ್ಮ ಕಟ್ಟೆಗೆ ಯಾವತ್ತೋ ಗೊತ್ತಿತ್ತು."

ಕಟ್ಟೆ ನಕ್ಕಿತು. ವ್ಯಾಪಾರಿ ಎದ್ದು ಮನೆಗೆ ಹೋದ. ಸಾವಿನ ಸುದ್ದಿ ಕೇಳಿದವರು ಮಾಡುವಂತೆ ಬಾವಿಯ ಬಳಿ ನಿಂತು, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡ. ಹೆಂಡತಿ ಓಡಿಬಂದಳು.

"ಅಯ್ಯೋ, ಯಾರು ಹೋದ್ರು ರೀ?"

ವ್ಯಾಪಾರಿ ಮತ್ತೊಂದು ಕೊಡ ಸೇದಿದ. ಯಾರು ಹೋದರೆಂದು ಹೇಳಲು ಅವನಿಗೆ ದಾರಿಯೇ ಇರಲಿಲ್ಲ. ಮನೆಯವಳೂ ಆ ಹಾರಕ್ಕೆ ಕೈ ಮುಗಿದವಳೇ.

ಸ್ವಾಮಿಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಗುರುಶಾಂತ ಮೊರವನ್ನು ಕೆಳಗಿಟ್ಟಿದ್ದ. ಮರುಳಸಿದ್ಧ ಮೆಲ್ಲನೆ ಕೇಳಿದ.

"ಹಾಗಾದರೆ ಬುದ್ಧಿ, ಕೊನೆಗೆ ಆ ಇಬ್ಬರು ನಿರ್ದೇಶಕರಲ್ಲಿ ದೊಡ್ಡವರು ಯಾರು?"

ಸ್ವಾಮಿಗಳು ಎದ್ದು ನಿಂತು, ಅವನ ತಲೆಯ ಮೇಲೆ ಕೈಯಿಟ್ಟರು.

"ಬದುಕಿರುವವರಲ್ಲಿ ದೊಡ್ಡವರು ಯಾರೆಂದು ಕೇಳಿದೆಯಲ್ಲ ಮಗು, ಅವರನ್ನು ಬದುಕಗೊಡುವಷ್ಟು ನೀನು ದೊಡ್ಡವನಾಗಿದ್ದೀಯಾ?"