ಬರ್ತೀನಿ ಅಂದ ಸಾಹೇಬರು

ಹೊಳೆದಂಡೆಯ ಗುಡಿಸಲಲ್ಲಿ ಹುಲಿಗೆವ್ವ ಒಬ್ಬಳೇ ಇರುತ್ತಾಳೆ. ಗಂಡ ಇದ್ದಾಗ ಇಬ್ಬರೂ ದೋಣಿ ನಡೆಸುತ್ತಿದ್ದರು. ಸೇತುವೆ ಆದಮೇಲೆ ಆ ಕಡೆ ಯಾರೂ ಸುಳಿಯುವುದಿಲ್ಲ. ಆದರೂ ಊರವರು ಗ್ರಾಮಸಭೆಯಲ್ಲಿ ಕೈಯೆತ್ತಿ, "ಮನೆ ನಂಬರು ಇಲ್ಲದಿದ್ದರೇನು, ಹುಲಿಗೆವ್ವನದೂ ಒಂದು ಓಟು ಇರಲಿ" ಎಂದು ತೀರ್ಮಾನಿಸಿದ್ದರು.

ದಿಲ್ಲಿಯವರಿಗೆ ಇದು ಸರಿಬರಲಿಲ್ಲ. ಊರವರು ಏನೇ ಹೇಳಲಿ, ಮನೆ ಇಲ್ಲದವರಿಗೆ ಓಟಿಲ್ಲ ಎಂದು ಸಂಸತ್ತಿನಲ್ಲಿ ಕಾನೂನು ಮಾಡಿದರು. ಅದನ್ನು ತಿಳಿಸಲು ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು.

"ನೋಡಮ್ಮ, ನಾಲ್ಕು ಗಳ, ಒಂದಿಷ್ಟು ಹುಲ್ಲು. ಇದನ್ನ ಮನೆ ಅನ್ನೋಕಾಗಲ್ಲ. ನಿನ್ನ ಓಟು ರದ್ದು."

"ಆತ್ರಿ ಯಪ್ಪಾ" ಎಂದು ಹುಲಿಗೆವ್ವ ಮಜ್ಜಿಗೆ ಕೊಟ್ಟಳು. ಸಾಹೇಬರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಎದ್ದರು.

"ಬರ್ತೀನಮ್ಮ."

"ಎಲ್ಲಿಗ್ರೀ?"

"ಅಂದ್ರೆ?"

"ಬರ್ತೀನಿ ಅಂತ ಮನಿಯಾಗ ಹೇಳ್ತಾರ್ರಿ. ಇಲ್ಲಿ ಮನೀನ ಇಲ್ಲಲ್ರಿ."

ಸಾಹೇಬರು ಕಕ್ಕಾಬಿಕ್ಕಿಯಾದರು. "ಹೋಗ್ತೀನಿ" ಅನ್ನಲು ನಾಲಿಗೆ ಏಳಲಿಲ್ಲ. ಹೊರಡುವಾಗ ಹಾಗೆನ್ನಬಾರದೆಂದು ತಾಯಿ ಕಲಿಸಿದ್ದರು. "ಬರ್ತೀನಿ" ಅಂದರೆ ಕಾನೂನು ಬಿದ್ದುಹೋಗುತ್ತದೆ. ಜೀಪಿನ ಡ್ರೈವರು ನಗು ತಡೆಯಲಾರದೆ ಆ ಕಡೆ ತಿರುಗಿದ.

"ಹಂಗಾರ ಕುಂದರ್ರಿ" ಎಂದಳು ಹುಲಿಗೆವ್ವ. "ನನಗೂ ಮಾತಾಡಾಕ ಯಾರೂ ಇಲ್ಲ."

ಸಾಹೇಬರು ಸ್ವಲ್ಪ ಹೊತ್ತು ಕೂತರು. ಕೊನೆಗೆ ತಲೆ ತಗ್ಗಿಸಿ, ಡ್ರೈವರಿಗೆ ಕೇಳದಷ್ಟು ಮೆಲ್ಲಗೆ, "ಬರ್ತೀನವ್ವಾ" ಎಂದು ಜೀಪು ಹತ್ತಿದರು.

ಕಾನೂನು ಹಾಗೆಯೇ ಇದೆ. ಹುಲಿಗೆವ್ವ ಮಾತ್ರ ಅಂದಿನಿಂದ ದಿನಾ ಒಂದು ರೊಟ್ಟಿ ಹೆಚ್ಚಿಗೆ ತಟ್ಟುತ್ತಾಳೆ.