ಅಜ್ಜಿಯ ಮಾತಿನ ತೂಕ

“ಗುರುಗಳೇ, ಧ್ಯಾನಕ್ಕೆ ಕೂತರೆ ಮನಸ್ಸು ಭಾರವಾಗುತ್ತದೆ. ಊರಲ್ಲಿರುವ ತಾಯಿಯ ನೆನಪನ್ನೇ ಬಿಟ್ಟುಬಿಡಲೇ? ಆಗಲಾದರೂ ಹಗುರಾದೇನೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. “ಬಿಡುವುದೆಂದರೆ ನಿಮಗೆಲ್ಲ ಬಹಳ ಅವಸರ. ಕೂತು ಕತೆ ಕೇಳು” ಎಂದರು.

ಒಬ್ಬಳು ಕಂಪ್ಯೂಟರ್ ಆಟಕ್ಕೆ ಮ್ಯಾಪ್ ಕಟ್ಟುತ್ತಿದ್ದಳು. ಮ್ಯಾಪ್ ಎಂದರೆ ಆಟಗಾರರು ಓಡಾಡುವ ಊರು. ಬೆಟ್ಟ, ಕಾಡು, ತೊರೆ ಎಲ್ಲವನ್ನೂ ಅದರಲ್ಲಿ ಇಟ್ಟಳು. ತೀರಿಹೋದ ಅಜ್ಜಿಯ ಒಂದೇ ಒಂದು ಮಾತು ಅವಳ ಫೋನಿನಲ್ಲಿ ಉಳಿದಿತ್ತು: “ಆ ಕಡೆ ಹೋಗ್ಬ್ಯಾಡ ಮಗಾ, ಹಾವೈತೆ.” ಆಟಗಾರ ಹುತ್ತದ ಬಳಿ ಹೋದರೆ ಆ ಮಾತು ಕೇಳುವಂತೆ ಮಾಡಿದಳು.

ಆದರೆ ಮ್ಯಾಪುಗಳನ್ನು ಹಂಚುವ ಜಾಲತಾಣ ಅದನ್ನು ಒಳಗೆ ಬಿಡಲಿಲ್ಲ. ಅಲ್ಲಿ ಎಂಟು ಎಂ.ಬಿ.ಗಿಂತ ದೊಡ್ಡದಕ್ಕೆ ಜಾಗವಿಲ್ಲ. ಇವಳದು ನೂರು ದಾಟಿತ್ತು. ಅವಳು ಕಾಡು ಕಡಿದಳು, ಬೆಟ್ಟ ತೆಗೆದಳು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಇಳಿದದ್ದು ಒಂದು ಎಂ.ಬಿ. ಭಾರ ಇರುವುದು ಧ್ವನಿಯಲ್ಲಿ ಎಂದು ಯಾರೋ ಹೇಳಿದರು. ಧ್ವನಿ ಎಂದೊಡನೆ ಅವಳಿಗೆ ನೆನಪಾದದ್ದು ಅಜ್ಜಿಯೊಬ್ಬಳೇ. ಅಜ್ಜಿಯ ಮಾತನ್ನು ಅಳಿಸಲು ಕೂತಳು. ಕೈ ಬರಲಿಲ್ಲ, ಅತ್ತಳು.

ಗೆಳತಿ ಬಂದು, “ಆಮೇಲೆ ಅಳೋವಂತೆ ಕಣೇ. ಮೊದಲು ಯಾವ್ದು ಎಷ್ಟಿದೆ ನೋಡೋಣ” ಎಂದಳು.

ಅಜ್ಜಿಯ ಮಾತು ಅರ್ಧ ಎಂ.ಬಿ.ಯೂ ಇರಲಿಲ್ಲ. ತೊರೆಯ ಸದ್ದೇ ನೂರು! ಅವಳು ದಡದಲ್ಲಿ ಹತ್ತು ನಿಮಿಷ ಕೂತು, ಎರಡು ಕಿವಿಗೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಆಟದಲ್ಲಿ ತೊರೆಯ ಪಕ್ಕ ಅಷ್ಟು ಹೊತ್ತು ನಿಲ್ಲುವ ಪುಣ್ಯಾತ್ಮ ಯಾರು? ಗೆಳತಿ ಇಪ್ಪತ್ತು ಸೆಕೆಂಡ್ ಮಾತ್ರ ಉಳಿಸಿ, ತುದಿಯನ್ನು ಮೊದಲಿಗೆ ಸೇರಿಸಿ, ತೊರೆ ಮತ್ತೆ ಮತ್ತೆ ಹರಿಯುವಂತೆ ಮಾಡಿದಳು. ಎರಡು ಕಿವಿಯ ಸದ್ದನ್ನು ಒಂದಾಗಿಸಿ, ಫೈಲನ್ನು ಕುಗ್ಗಿಸುವ ಎಂಪಿತ್ರೀ ರೂಪಕ್ಕೆ ತಂದಳು. ಮ್ಯಾಪ್ ಐದು ಎಂ.ಬಿ.ಗೆ ಇಳಿಯಿತು. ಕಡಿದ ಕಾಡನ್ನೂ ಬೆಟ್ಟವನ್ನೂ ವಾಪಸ್ ಇಟ್ಟರು. ಆಗಲೂ ಜಾಗ ಮಿಕ್ಕಿತು.

ತಾಣ ಮ್ಯಾಪನ್ನು ಒಳಗೆ ಬಿಟ್ಟಿತು. ಮರುದಿನ ಯಾರೋ ಗುರುತಿಲ್ಲದ ಆಟಗಾರ ಬರೆದಿದ್ದ: “ಹುತ್ತದ ಹತ್ತಿರ ಕೂಗಿದ ಅಜ್ಜಿ ನನ್ನ ಜೀವ ಉಳಿಸಿದರು.” ಅವಳಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಮೂರು ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡಳು.

ಇಷ್ಟು ಹೇಳಿ ಗುರುಗಳು ಶಿಷ್ಯನ ಬೆನ್ನು ತಟ್ಟಿದರು. ಅವನು ಎದ್ದು ನಿಂತ.

“ಮೊದಲು ತಾಯಿಗೊಂದು ಫೋನ್ ಮಾಡಿ ಬಾ, ಉಳಿದ ಭಾರವನ್ನು ಆಮೇಲೆ ತೂಗೋಣ.”