ಕಾಡು ಗುಡಿಸಿದ ಶಿಷ್ಯ

ಹೊಳೆ ದಡದ ಆಶ್ರಮದಲ್ಲಿ ಒಬ್ರು ಅಜ್ಜಯ್ಯ ಇದ್ರು. ಬೋಳು ದಿಬ್ಬದ ಮೇಲೆ ಗಿಡ ನೆಟ್ಟು, ಹೆಗಲ ಮೇಲೆ ನೀರು ಹೊತ್ತು, ಕಾಡು ಎಬ್ಬಿಸಿದ್ರು. ಹೊರೋವಾಗ ಒಂದು ನರಪಿಳ್ಳೇನೂ ಬರ್ಲಿಲ್ಲ. ನೆರಳು ಬಿದ್ಮೇಲೆ ನೋಡಿ, ಭಕ್ತರೋ ಭಕ್ತರು.

ಅವರ ಶಿಷ್ಯ ಮುದ್ದುವೀರ. ಅವನ ಸೇವೆ ಕಸ ಗುಡಿಸೋದು. ಅಂಗಳ ಚೆನ್ನಾಗಿದೆ ಅಂತ ಯಾರೋ ಹೊಗಳಿದ್ದೇ ತಡ, ಪುಣ್ಯಾತ್ಮ ಪೊರಕೆ ಹಿಡ್ಕೊಂಡು ಕಾಡಿಗೇ ನುಗ್ಗಿದ. ದಿನಾ ಬೆಳಿಗ್ಗೆ ತರಗೆಲೆ ಗುಡ್ಡೆ ಹಾಕಿ ಸುಡೋನು. ಬೂದೀನೂ ಬಿಡ್ಲಿಲ್ಲ, ಹೊಳೆಗೆ ಸುರಿಯೋನು.

ಅಷ್ಟರಲ್ಲಿ ಅಜ್ಜಯ್ಯ ಕಾಲು ಮುರ್ಕೊಂಡು ಹಾಸಿಗೆ ಹಿಡಿದಿದ್ರು, ಕಾಡಿನ ಕಡೆ ಹೋಗೋಕೆ ಆಗ್ತಿರ್ಲಿಲ್ಲ. ಹೊಗೆ ಕಂಡ್ರೆ ಸ್ನಾನದ ನೀರೊಲೆ ಅನ್ಕೊಳ್ಳೋರು.

ವರ್ಷಗಳು ಕಳೆದ್ವು. ಮರದ ತುದಿ ಒಣಗ್ತಾ ಬಂತು. ಬುಡದಲ್ಲಿ ಒಂದು ಸಸೀನೂ ಏಳ್ಲಿಲ್ಲ.

ಮುದ್ದುವೀರ ಮುಖ ಊದಿಸ್ಕೊಂಡು ಬಂದ. "ಅಜ್ಜಯ್ಯ, ನಿಮ್ಮ ಮರಗಳು ಮಣ್ಣಿನ ಸಾರ ಎಲ್ಲಾ ಹೀರ್ಬಿಟ್ವು. ನಾಳೆ ಮರ ಕಡಿಯೋರು ಬರ್ತಾರೆ, ಹೇಳ್ಬಿಟ್ಟಿದ್ದೀನಿ."

"ಯಾರನ್ನ ಕೇಳಿ ಹೇಳ್ದೆ?"

"ಮಲಗಿರೋರನ್ನ ಏನು ಕೇಳೋದು?"

ಅಜ್ಜಯ್ಯ ಕೋಲು ಊರ್ಕೊಂಡು ಎದ್ರು. ಕಾಡಿಗೆ ಹೋಗಿ ನೋಡಿದ್ರು. ನೆಲ ಬೋಳಿಸಿದ ತಲೆ ಥರ ಇತ್ತು. ಹಾಗೇ ವಾಪಸ್ ಬಂದ್ರು.

ಮಧ್ಯಾಹ್ನ ಮುದ್ದುವೀರ ಉಣ್ಣೋಕೆ ಕೂತ. ತಟ್ಟೆಗೆ ಮುದ್ದೆ ಬಿತ್ತು. ಅಜ್ಜಯ್ಯ ಪೊರಕೆ ತಗೊಂಡು ಸರ್ರಂತ ಗುಡಿಸಿ, ಒಲೆಗೆ ಹಾಕಿದ್ರು.

"ಅಯ್ಯೋ! ಏನಜ್ಜಯ್ಯ ಇದು?"

"ಕಸ ಬಿದ್ದಿತ್ತು."

ಇನ್ನೊಂದು ಮುದ್ದೆ ಹಾಕ್ಕೊಂಡ. ಅದನ್ನೂ ಗುಡಿಸಿದ್ರು.

"ಹಸಿವಿಗೆ ಹೊಟ್ಟೆ ಉರೀತಿದೆ! ನಿಮಗೆ ತಲೆ ಕೆಟ್ಟಿದ್ಯಾ?"

"ತಟ್ಟೆ ಫಳಫಳ ಹೊಳೀತಿದೆಯಲ್ಲೋ! ಭಕ್ತರು ಹೊಗಳ್ತಾರೆ, ಬಿಡು."

ಮುದ್ದುವೀರ ತಟ್ಟೆ ಎತ್ತಿ ಒಗೆದ. ಅಜ್ಜಯ್ಯ ಅವನ ರಟ್ಟೆ ಹಿಡಿದು ದಿಬ್ಬದ ಹಿಂದೆ ಎಳ್ಕೊಂಡು ಹೋದ್ರು. ಅಲ್ಲೊಂದು ಹುತ್ತ, ಅದರ ಸುತ್ತ ದಪ್ಪಗೆ ತರಗೆಲೆ. ಹಾವಿನ ಭಯಕ್ಕೆ ಮುದ್ದುವೀರ ಆ ಕಡೆ ಪೊರಕೆ ಆಡಿಸಿರ್ಲಿಲ್ಲ.

"ಆ ಎಲೆ ಒಳಗೆ ಕೈ ಹಾಕು."

"ಹಾವು..."

"ನಿನ್ನಷ್ಟು ವಿಷ ಇಲ್ಲ ಅದಕ್ಕೆ. ಹಾಕು!"

ಹಾಕಿದ. ತರಗೆಲೆ ಕೆಳಗೆ ಕೊಳೆತ ಎಲೆ, ಅದರ ಕೆಳಗೆ ಕಪ್ಪು ಮಣ್ಣು, ತಣ್ಣಗೆ. ಮೇಲೆ ಮರ ತುದಿವರೆಗೂ ಹಸಿರಾಗಿತ್ತು, ಸುತ್ತ ಸಸಿಗಳು ಎದ್ದಿದ್ವು.

"ಇದೂ ಅದೇ ಮರಾನಾ?"

"ಅದೇ ಮರ, ಒಟ್ಟಿಗೇ ನೆಟ್ಟಿದ್ದು. ಎಳೇದಾಗಿದ್ದಾಗ ಮರ ಮಣ್ಣಿಂದ ಕಿತ್ಕೊಂಡು ತಿನ್ನುತ್ತೆ. ಬೆಳೆದ್ಮೇಲೆ ಎಲೆ ಉದುರಿಸಿ ವಾಪಸ್ ಕೊಡುತ್ತೆ. ಅದು ಕೊಡೋ ವಯಸ್ಸಿಗೆ ಬಂತು, ನೀನು ಪೊರಕೆ ಹಿಡ್ಕೊಂಡು ಬಂದೆ. ಈಗ ಹೇಳು, ಕಳ್ಳ ಯಾರು, ಮರಾನಾ?"

ಮುದ್ದುವೀರ ಕೆದರಿದ ಎಲೆಗಳನ್ನ ಮೆಲ್ಲಗೆ ಮಣ್ಣಿನ ಮೇಲೆ ಮತ್ತೆ ಮುಚ್ಚಿದ.

ಮಾರನೇ ದಿನ ಕೊಡಲಿಯೋರು ಬಂದ್ರು. ಮುದ್ದುವೀರಾನೇ ಬಾಗಿಲಲ್ಲಿ ಅಡ್ಡ ನಿಂತ. ಅವರು ಬೈದ್ರು, ಬೈಸ್ಕೊಂಡ. ಅವರು ಹೋದ್ಮೇಲೆ ಈಚಲು ಗರಿ ಪೊರಕೆ ಹಿಡ್ಕೊಂಡು ಅಜ್ಜಯ್ಯನ ಮುಂದೆ ಬಂದ.

"ಇದನ್ನ ಏನು ಮಾಡ್ಲಿ? ಸುಟ್ಟು ಹಾಕ್ಲಾ?"

"ಮತ್ತೆ ಸುಡೋ ಮಾತಾ, ಮುಟ್ಠಾಳ! ಮರದ ಬುಡಕ್ಕೆ ಹಾಕು. ಅದೂ ಉದುರಬೇಕಾಗಿದ್ದ ಗರೀನೇ."